ಅಂಗೈಗೆ ತಾಗದ ಹಕಾರ

ಕನ್ನಡದಲ್ಲಿ ಅಷ್ಟೊಂದು ಅಕ್ಷರಗಳಿವೆ. ಅವುಗಳಲ್ಲಿ ನನ್ನ ಹೊಟ್ಟೆಯ ಮೇಲೆ ಹೊಡೆದದ್ದು ಒಂದೇ ಒಂದು, ವರ್ಣಮಾಲೆಯ ಬಾಲದ ಹತ್ತಿರ ಕೂತಿರುವ ‘ಹ’. ಈಗಲೂ ಆ ಅಕ್ಷರವನ್ನು ತೂಕ ಹಾಕಿದಂತೆ ಸ್ಪಷ್ಟವಾಗಿ ಆಡುವವರನ್ನು ಕಂಡರೆ ನನಗೆ ಮೊದಲು ಅನುಮಾನ, ಆಮೇಲೆ ಹೇಸಿಗೆ. ಇದು ನ್ಯಾಯವಲ್ಲ ಅಂತ ನನಗೂ ಗೊತ್ತು. ಅವರಲ್ಲಿ ಒಳ್ಳೆಯವರೂ ಇರುತ್ತಾರೆ. ಆದರೆ ಹೇಸಿಗೆ ಯಾರನ್ನೂ ಕೇಳಿಕೊಂಡು ಬರುವುದಿಲ್ಲ. ಆ ಮಾತೂ ಅದೇ ಅಕ್ಷರದಿಂದ ಶುರುವಾಗುತ್ತದೆ ನೋಡಿ. ನಮ್ಮಮ್ಮ ಮಾತ್ರ ಅದನ್ನು ‘ಏಸ್ಗೆ’ ಅನ್ನುತ್ತಾಳೆ.

ನಾವು ಅಮೃತಹಳ್ಳಿಯವರು. ಅಪಾರ್ಟ್‌ಮೆಂಟುಗಳ ಅಮೃತಹಳ್ಳಿಯವರಲ್ಲ, ಹಳ್ಳಿಯ ಅಮೃತಹಳ್ಳಿಯವರು. ನಮ್ಮ ತಾತ ದ್ರಾಕ್ಷಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಜಿಮ್ ಇದೆ, ಅದರ ಮೇಲೆ ಕೇಕಿನ ಅಂಗಡಿ ಇದೆ. ಊರು ಬದಲಾಯಿತು, ನಮ್ಮ ಮನೆಯ ಮಾತು ಬದಲಾಗಲಿಲ್ಲ. ಹೋಗು ಅನ್ನುವುದು ನಮಗೆ ‘ಓಗು’, ಹಾಲು ‘ಆಲು’, ಹತ್ತು ‘ಅತ್ತು’. ಹಕ್ಕಿ, ಅಕ್ಕಿ ಎರಡೂ ನಮಗೆ ಅಕ್ಕಿಯೇ. ಹಾಗಂತ ಇದುವರೆಗೆ ನಮ್ಮ ಮನೆಯಲ್ಲಿ ಯಾರೂ ಗುಬ್ಬಚ್ಚಿಯನ್ನು ಪಾವಿನಲ್ಲಿ ಅಳೆದು ಒಲೆಗೆ ಇಟ್ಟಿಲ್ಲ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುವಷ್ಟು ಬುದ್ಧಿ ದೇವರು ನಮಗೂ ಕೊಟ್ಟಿದ್ದಾನೆ.

ನಾನು ಕೆಲಸ ಮಾಡುವುದು ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಮುಂಭಾಗದ ಕೌಂಟರಿನಲ್ಲಿ ಕೂತು ಹನ್ನೆರಡು ವರ್ಷವಾಯಿತು. ಬಂದವರ ಹೆಸರು ಬರೆದುಕೊಂಡು, ಏನು ತೊಂದರೆ ಅಂತ ಕೇಳಿ, ಯಾವ ಡಾಕ್ಟರ ಹತ್ತಿರ ಕಳಿಸಬೇಕೋ ಆ ಡಾಕ್ಟರಿಗೆ ಟೋಕನ್ ಕೊಡುವ ಕೆಲಸ. ಸುಲಭ ಅನ್ನಿಸುತ್ತದೆ. ಒಂದು ಸೋಮವಾರ ಬೆಳಿಗ್ಗೆ ಬಂದು ನಿಂತು ನೋಡಿ. ಯಲಹಂಕ, ಬಾಗಲೂರು, ರಾಜಾನುಕುಂಟೆ ಕಡೆಯಿಂದ ಬಂದ ಜನ ಗಾಬರಿಯಲ್ಲಿ ಅರ್ಧ ಮಾತು ಹೇಳುತ್ತಾರೆ, ಇನ್ನರ್ಧ ನಾವೇ ತುಂಬಿಕೊಳ್ಳಬೇಕು. ‘ಒಟ್ಟೆ ಇಡ್ಕಂಡೈತೆ’ ಅಂದರೆ ಯಾರ ಹತ್ತಿರ ಕಳಿಸಬೇಕು, ‘ಎದೆ ಇಡ್ಕಂಡೈತೆ’ ಅಂದರೆ ಯಾರ ಹತ್ತಿರ ಓಡಿಸಬೇಕು ಅನ್ನುವುದು ನನಗೆ ನಿದ್ದೆಯಲ್ಲೂ ಗೊತ್ತು.

ನಮ್ಮ ಕೌಂಟರಿನ ಸೂಪರ್‌ವೈಸರ್ ಮೇಡಂ ಮಗಳ ಬಾಣಂತನಕ್ಕೆ ಅಂತ ಕೆಲಸ ಬಿಟ್ಟರು. ಅವರು ಹೋದ ದಿನವೇ ಆಡಳಿತಾಧಿಕಾರಿ ನನ್ನನ್ನು ತಮ್ಮ ಕೋಣೆಗೆ ಕರೆದರು. ಅವರನ್ನು ನಾವೆಲ್ಲ ಅಡ್ಮಿನ್ ಸಾರ್ ಅನ್ನುತ್ತೇವೆ. ಇಸ್ತ್ರಿ ಮುರಿಯದ ಶರ್ಟು, ಮೃದುವಾದ ದನಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಜಾತಿ ತಿಳಿದುಕೊಳ್ಳಲು “ನೀವು ವೆಜ್ಜಾ?” ಅಂತ ಕೇಳಿದ್ದ ಮನುಷ್ಯ. ನೇರವಾಗಿ ಕೇಳಿದ್ದರೆ ನೇರವಾಗಿಯೇ ಹೇಳುತ್ತಿದ್ದೆ.

“ಸದ್ಯಕ್ಕೆ ನೀವೇ ನೋಡ್ಕೊಳ್ಳಿ ಅಮ್ಮಾ. ನಿಮ್ಗಿಂತ ಸೀನಿಯರ್ ಇನ್ಯಾರಿದಾರೆ? ಪೋಸ್ಟ್ ಹೇಗೂ ನಿಮ್ದೇ, ಇಂಟರ್‌ವ್ಯೂ ಒಂದು ಫಾರ್ಮಾಲಿಟಿ,” ಅಂದರು.

ನಾನು ನಂಬಿದೆ. ಐದು ತಿಂಗಳು ಎರಡಾಳಿನ ಕೆಲಸ ಮಾಡಿದೆ. ಡ್ಯೂಟಿ ಪಟ್ಟಿ ಬರೆದೆ, ಜಗಳ ಬಿಡಿಸಿದೆ, ಹಬ್ಬದ ದಿನ ಬೇರೆಯವರನ್ನು ಮನೆಗೆ ಕಳಿಸಿ ನಾನು ಕೂತೆ. ಸೂಪರ್‌ವೈಸರ್ ಆಗುತ್ತೀನಿ ಅಂತ ಅಮ್ಮನಿಗೂ ಹೇಳಿದ್ದೆ. ಅವಳು ಮುನೇಶ್ವರನಿಗೆ ಹರಕೆ ಹೊತ್ತಳು. ಹನ್ನೆರಡು ವರ್ಷ ಎಲ್ಲರ ಮಾತು ಕೇಳಿಸಿಕೊಂಡವಳಿಗೆ ಒಂದು ಸಲ ತಾನೂ ಹೇಳುವ ಜಾಗದಲ್ಲಿ ಕೂರಬೇಕು ಅನ್ನುವ ಆಸೆ ಇರುತ್ತದೆ. ನನಗೆ ತುಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಐದು ತಿಂಗಳ ನಡುವೆ ಒಬ್ಬಳು ಟ್ರೈನಿ ಬಂದಳು. ಇಪ್ಪತ್ನಾಲ್ಕು ವರ್ಷದ ಹುಡುಗಿ, ನೋಡಲು ಲಕ್ಷಣ, ಮಾತು ಮುತ್ತು ಪೋಣಿಸಿದ ಹಾಗೆ. ಅವಳ ಬಾಯಲ್ಲಿ ‘ಹ’ ಬಂದರೆ ಫ್ಯಾನ್ ಹಾಕಿದಂತೆ ಗಾಳಿ ಬರುತ್ತಿತ್ತು. ಬಂದ ವಾರದಲ್ಲೇ ಅವಳಿಗೆ ವೇಟಿಂಗ್ ಹಾಲಿನ ಮೈಕ್ ಕೊಟ್ಟರು. ಟೋಕನ್ ನಂಬರು ಕೂಗುವ ಆ ಮೈಕನ್ನು ಹನ್ನೆರಡು ವರ್ಷದಲ್ಲಿ ನನ್ನ ಕೈಗೆ ಯಾರೂ ಕೊಟ್ಟಿರಲಿಲ್ಲ. ಹುಡುಗಿ ಕೆಟ್ಟವಳಲ್ಲ, ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಕೆಲಸ ನಾನೇ ಕಲಿಸಿದೆ. ಮಧ್ಯಾಹ್ನ ಊಟಕ್ಕೆ ಮಾತ್ರ ಅವಳು ನಮ್ಮ ಜೊತೆ ಕೂರದೆ ಎಲ್ಲಿಗೋ ಹೋಗುತ್ತಿದ್ದಳು. ನಮ್ಮ ಮುದ್ದೆ ಬಸ್ಸಾರಿನ ವಾಸನೆ ಆಗುವುದಿಲ್ಲವೇನೋ ಅಂದುಕೊಂಡು ಸುಮ್ಮನಾದೆ.

ಒಂದು ದಿನ ನಾನು ಊಟ ಮುಗಿಸಿ ಡಬ್ಬಿ ತೊಳೆದುಕೊಂಡು ಬರುತ್ತಿದ್ದೆ. ಹಾಲಿನ ಕೊನೆಯ ಸಾಲಿನಲ್ಲಿ ಒಬ್ಬ ವಯಸ್ಸಾದ ಗಂಡಸು ಗೋಡೆಗೆ ತಲೆ ಒರಗಿಸಿ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ, ಕೈಯಲ್ಲಿ ಟೋಕನ್. ಅವನ ಮೀನಖಂಡದ ಮೇಲೆ ಟವೆಲ್ ಬಿಗಿಯಾಗಿ ಕಟ್ಟಿತ್ತು. ಅದನ್ನು ನೋಡಿ ನನ್ನ ಕಾಲು ತಾನಾಗಿಯೇ ನಿಂತಿತು.

“ಏನಾಯ್ತಮ್ಮಾ?” ಅಂದೆ.

“ಉಳ ಮುಟ್ಟೈತೆ ಕಣಮ್ಮಾ. ತ್ವಾಟಕ್ಕೆ ಔಸ್ದಿ ಒಡೆಯಕ್ಕೆ ಓಗಿದ್ದ, ಬದಿನಾಗೆ ಮುಟ್ಬಿಡ್ತು. ಆ ಮಗೀಗೆ ಏಳ್ದೆ, ಕುಂತ್ಕೊಳ್ಳಿ ಕರೀತೀವಿ ಅಂತು.”

ಟೋಕನ್ ನೋಡಿದೆ. ಇಪ್ಪತ್ತಾರನೇ ನಂಬರ್, ಚರ್ಮದ ಡಾಕ್ಟರು.

ನಮ್ಮ ಕಡೆ ಹಾವು ಕಚ್ಚಿದರೆ ಹಾವು ಅನ್ನುವುದಿಲ್ಲ. ಹೆಸರು ಹಿಡಿದರೆ ವಿಷ ಏರುತ್ತದೆ ಅನ್ನುವ ಭಯ. ಹುಳ ಮುಟ್ಟಿದೆ ಅನ್ನುತ್ತಾರೆ, ಅದೂ ‘ಹ’ ಇಲ್ಲದೆ. ಹುಡುಗಿಗೆ ಮೊದಲು ‘ಉಳ’ ಅರ್ಥವಾಗಿಲ್ಲ, ಎರಡನೇ ಸಲ ಹುಳ ಅಂತ ಅರ್ಥವಾಗಿದೆ. ಕಂಬಳಿಹುಳವೋ ಏನೋ ಮುಟ್ಟಿ ತುರಿಕೆ ಎದ್ದಿರಬೇಕು ಅಂದುಕೊಂಡು ಚರ್ಮದ ಡಾಕ್ಟರಿಗೆ ಬರೆದಿದ್ದಾಳೆ. ನಾನು ಡಬ್ಬಿ ಅಲ್ಲೇ ಬಿಸಾಕಿ ಗಾಲಿಕುರ್ಚಿ ಎಳೆದುಕೊಂಡು ಬಂದೆ. ಎಮರ್ಜೆನ್ಸಿ ಬಾಗಿಲಲ್ಲಿ “ಆವು ಸಾರ್, ಆವು!” ಅಂತ ಕಿರುಚಿದೆ. ಅಲ್ಲಿದ್ದ ಡಾಕ್ಟರು ‘ಹ’ ಎಲ್ಲಿ ಅಂತ ಕೇಳಲಿಲ್ಲ. ಆ ಮನುಷ್ಯ ಬದುಕಿದ. ಆರನೇ ದಿನ ನಡೆದುಕೊಂಡೇ ಹೊರಗೆ ಹೋದ, ಹೋಗುವಾಗ ಅವನ ಹೆಂಡತಿ ನನ್ನ ಗಲ್ಲ ಹಿಡಿದು ಲಟಿಕೆ ಮುರಿದಳು.

ಮುಂದಿನ ಸೋಮವಾರ ಲಿಫ್ಟಿನ ಪಕ್ಕದ ಬೋರ್ಡಿನ ಮೇಲೆ ಒಂದು ಮೆಚ್ಚುಗೆ ಪತ್ರ ಅಂಟಿಸಿದ್ದರು. ಹಾವು ಕಚ್ಚಿದ ರೋಗಿಯೊಬ್ಬರು ಬಂದ ಎರಡೇ ನಿಮಿಷದಲ್ಲಿ ನೋಂದಣಿ ಮಾಡಿ ಸಮಯಪ್ರಜ್ಞೆ ಮೆರೆದ ಟ್ರೈನಿಗೆ ಆಡಳಿತದ ಅಭಿನಂದನೆ. ಕೆಳಗೆ ಅಡ್ಮಿನ್ ಸಾರ್ ಸಹಿ. ಪತ್ರದಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ನೋಂದಣಿ ಎರಡೇ ನಿಮಿಷದಲ್ಲಿ ಆಗಿತ್ತು. ಚರ್ಮದ ಡಾಕ್ಟರಿಗೆ ಆಗಿತ್ತು, ಅಷ್ಟೇ. ಓದುತ್ತ ನಿಂತಾಗ ನನಗೆ ಮೊದಲು ನಗು ಬಂತು, ಆಮೇಲೆ ಹೇಸಿಗೆ. ಹುಡುಗಿ ಹತ್ತಿರ ಬಂದು, “ಅಕ್ಕಾ, ದೇವರಾಣೆ ನಾನು ಕೇಳಿಲ್ಲ, ಅವರೇ ಹಾಕಿದ್ದು,” ಅಂದಳು. ಕೇಳಿರಲಿಕ್ಕಿಲ್ಲ. ಬೇಡ ಅಂತಲೂ ಹೇಳಲಿಲ್ಲವಲ್ಲ.

ಕೋಣೆಗೆ ಹೋಗಿ ಕೇಳಿದೆ. ಅಡ್ಮಿನ್ ಸಾರ್ ನಕ್ಕರು.

“ಟೀಮ್ ವರ್ಕ್ ಅಮ್ಮಾ ಇದು. ನೀವು ಸೀನಿಯರ್, ಚಿಕ್ಕವರನ್ನ ಬೆಳೆಸ್ಬೇಕು. ನಿಮ್ದೇನು, ಪ್ರಮೋಷನ್ನೇ ಬರ್ತಾ ಇದೆ.” ಆಮೇಲೆ ದನಿ ತಗ್ಗಿಸಿ, ನನ್ನ ಒಳ್ಳೆಯದಕ್ಕೇ ಅನ್ನುವಂತೆ ಹೇಳಿದರು: “ಒಂದೇ ಒಂದು ವಿಷ್ಯ. ನೀವು ಮಾತಾಡೋದು ಸ್ವಲ್ಪ ಲೋಕಲ್ ಆಗಿ ಕೇಳ್ಸುತ್ತೆ. ಆ ‘ಹ’ ಒಂದು ಸರಿ ಮಾಡ್ಕೊಂಡ್ಬಿಡಿ. ಹೆಚ್.ಆರ್. ಅವರೂ ಅದನ್ನೇ ಹೇಳ್ತಿದ್ರು.”

ಲೋಕಲ್. ಈ ಊರಿನಲ್ಲಿ ಅದು ಬೈಗುಳ. ಎಲ್ಲಿಂದಲೋ ಬಂದು ನಮ್ಮ ತಾತನ ತೋಟದ ಮೇಲೆ ಮನೆ ಕಟ್ಟಿಕೊಂಡವರು ಲೋಕಲ್ ಅಲ್ಲ, ತೋಟದವರು ಲೋಕಲ್. ಆದರೆ ಆವತ್ತು ನನಗೆ ಸಿಟ್ಟು ಬರಲಿಲ್ಲ. ದಾರಿ ಗೊತ್ತಾಯಿತು ಅನ್ನುವ ಖುಷಿ ಬಂತು. ಒಂದು ಅಕ್ಷರ ತಾನೆ, ಕಲಿತರಾಯಿತು ಅಂದುಕೊಂಡೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ ಆಗುತ್ತದೆ.

ಇಂಟರ್‌ವ್ಯೂಗೆ ಒಂದು ತಿಂಗಳಿತ್ತು. ದಿನಾ ಬೆಳಿಗ್ಗೆ ಬಟ್ಟೆ ಒಣಗಿಸಲು ಮಹಡಿಗೆ ಹೋದಾಗ ಪೇಪರನ್ನೂ ಒಯ್ದು ಗಟ್ಟಿಯಾಗಿ ಓದುತ್ತಿದ್ದೆ. ಬಾಯಿಯ ಮುಂದೆ ಅಂಗೈ ಹಿಡಿದುಕೊಂಡರೆ ‘ಹ’ ಬಂದಾಗ ಉಸಿರು ಕೈಗೆ ತಾಗುತ್ತದೆ, ಬರದಿದ್ದರೆ ತಾಗುವುದಿಲ್ಲ. ಇದನ್ನು ನಾನೇ ಕಂಡುಹಿಡಿದುಕೊಂಡೆ. ಹಣ, ಹೂವು, ಹೆಂಡತಿ, ಹೊಸಕೋಟೆ. ಅಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

“ಏನಮ್ಮಾ ಅದು, ಬಿಸಿ ಮುದ್ದೆ ನುಂಗ್ದೋಳಂಗೆ ಊಫ್ ಊಫ್ ಅಂತೀಯ?”

ಮೊದಮೊದಲು ಇಬ್ಬರೂ ನಕ್ಕೆವು. ಆಮೇಲೆ ಒಂದು ಸಂಜೆ ನಾನು ಸ್ನಾನ ಮಾಡುವಾಗ ಫೋನು ಬಂತು, ಅಮ್ಮ ಎತ್ತಿದಳು. ಹೆಚ್.ಆರ್. ಮೇಡಂ ಮಾಡಿದ ಫೋನು. “ಅಲೋ, ಯಾರು? ಅವ್ಳು ನೀರಾಕ್ಕಂತಾವ್ಳೆ ಕಣಮ್ಮಾ, ಆಮ್ಯಾಕ್ ಮಾಡಿ,” ಅಂದಿದ್ದಳು. ಮಾರನೇ ದಿನ ಆ ಮೇಡಂ ಕೌಂಟರಿಗೆ ಬಂದು ಎಲ್ಲರೆದುರು ರಾಗ ಎಳೆದು, “ಅಲೋ, ನೀರಾಕ್ಕಂತಾವ್ರಾ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ತಾಯಿಯನ್ನು ಆಡಿಕೊಂಡವರ ಜೊತೆ ಸೇರಿ ನಕ್ಕೆ, ಯಾಕೆಂದರೆ ಇಂಟರ್‌ವ್ಯೂನಲ್ಲಿ ಅವರೂ ಕೂರುವವರಿದ್ದರು.

ಮನೆಗೆ ಬಂದು ಆ ನಗುವನ್ನೆಲ್ಲ ಅಮ್ಮನ ಮೇಲೆ ಕಾರಿದೆ. “ಹಲೋ ಅನ್ನೋಕೂ ಬರಲ್ವಾ ನಿಂಗೆ? ಹತ್ತು ಜನರ ಮುಂದೆ ನನ್ ಮಾನ ಹೋಯ್ತು. ನಿನ್ನಿಂದಾನೇ ನನ್ ಪ್ರಮೋಷನ್ ತಪ್ಪುತ್ತೆ ನೋಡ್ತಿರು!” ಅಷ್ಟಕ್ಕೇ ಬಿಡಲಿಲ್ಲ. ಅವಳ ಕೈ ಹಿಡಿದು ಅವಳ ಬಾಯಿಯ ಮುಂದೆ ಇಟ್ಟೆ. “ಹ ಅನ್ನು. ಕೈಗೆ ಗಾಳಿ ತಾಗ್ಬೇಕು. ಅನ್ನು.”

ಎಪ್ಪತ್ತು ದಾಟಿದ ಹೆಂಗಸು, ಅಡುಗೆಮನೆಯ ಬಾಗಿಲಲ್ಲಿ ಅಂಗೈ ಹಿಡಿದುಕೊಂಡು ನಿಂತು, “ಅ” ಅಂದಳು. ಮತ್ತೆ “ಅ” ಅಂದಳು. ನಾನು ತಲೆ ಚಚ್ಚಿಕೊಂಡು ಒಳಗೆ ಹೋದೆ. ಆಮೇಲಿಂದ ಅಮ್ಮ ಫೋನು ಎತ್ತುವುದನ್ನು ಬಿಟ್ಟಳು. ನನ್ನೆದುರು ಮಾತೂ ಕಡಿಮೆಯಾಯಿತು. ಓದುವ ಭರದಲ್ಲಿ ನಾನು ಅದನ್ನು ಗಮನಿಸಲಿಲ್ಲ.

ಇಂಟರ್‌ವ್ಯೂನಲ್ಲಿ ಮೂವರು ಕೂತಿದ್ದರು: ಅಡ್ಮಿನ್ ಸಾರ್, ಹೆಚ್.ಆರ್. ಮೇಡಂ, ಒಬ್ಬ ಹಿರಿಯ ಡಾಕ್ಟರು. ಕೆಲಸದ ಬಗ್ಗೆ ಕೇಳಿದ್ದು ಎರಡು ಪ್ರಶ್ನೆ. ಆಮೇಲೆ ಒಂದು ಹಾಳೆ ಕೊಟ್ಟು ಮೈಕಿನಲ್ಲಿ ಪ್ರಕಟಣೆ ಓದುವ ಹಾಗೆ ಓದಿ ಅಂದರು. ಹೊರರೋಗಿಗಳು, ಹೃದ್ರೋಗ, ಹೆರಿಗೆ, ಹಾಸಿಗೆ, ಹಿರಿಯ ನಾಗರಿಕರು. ಹಾಳೆಯ ತುಂಬ ‘ಹ’ ಬಿತ್ತಿದ್ದರು. ನಾನು ಒಂದನ್ನೂ ಬಿಡಲಿಲ್ಲ. ಪ್ರತಿಯೊಂದಕ್ಕೂ ಉಸಿರು ಬಂತು, ಹಿರಿಯ ಡಾಕ್ಟರು ತಲೆದೂಗಿದರು. ಗೆದ್ದೆ ಅನ್ನಿಸಿತು. ಆ ಹುರುಪಿನಲ್ಲಿ ಕೊನೆಯ ಸಾಲಿಗೆ ಬಂದೆ.

“ಹಾಸ್ಪತ್ರೆಯ ಹಾವರಣದಲ್ಲಿ ಹುಗುಳಬಾರದು.”

ಹೆಚ್.ಆರ್. ಮೇಡಂ ನಗು ತಡೆಯಲಾರದೆ ಮೇಜಿನ ಮೇಲೆ ಬಗ್ಗಿದರು. ಡಾಕ್ಟರೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಡ್ಮಿನ್ ಸಾರ್ ನಗಲಿಲ್ಲ. “ಪರವಾಗಿಲ್ಲ ಅಮ್ಮಾ, ಪರವಾಗಿಲ್ಲ,” ಅನ್ನುತ್ತ ಹಾಳೆಯಲ್ಲಿ ಏನೋ ಬರೆದುಕೊಂಡರು. ಬೇಕಾಗಿದ್ದು ಸಿಕ್ಕಿದವರ ಶಾಂತಿ ಆ ಮುಖದಲ್ಲಿತ್ತು.

ಮೂರು ದಿನದ ಮೇಲೆ ಬೋರ್ಡಿನಲ್ಲಿ ಹುಡುಗಿಯ ಹೆಸರು ಬಂತು. ಕಾರಣ ಕೂಡ ಬರೆದಿದ್ದರು: ಸಮಯಪ್ರಜ್ಞೆ, ಸಂವಹನ ಕೌಶಲ. ಆ ಸಂಜೆ ಕೇಕ್ ಕತ್ತರಿಸಿದರು. ಅವಳಿಗೆ ಬೊಕೆ ಕೊಡಲು ನನ್ನನ್ನೇ ಮುಂದೆ ತಳ್ಳಿದರು, ಸೀನಿಯರ್ ಅಂತ. ಕೊಟ್ಟೆ, ಫೋಟೋಗೂ ನಿಂತೆ. ಕೇಕನ್ನು ಮಾತ್ರ ಬಾಯಿಗೆ ಇಟ್ಟುಕೊಳ್ಳಲಾಗದೆ ಕಾಗದದ ತಟ್ಟೆ ಸಮೇತ ಕಸದ ಬುಟ್ಟಿಗೆ ಹಾಕಿದೆ.

ಆರು ಗಂಟೆಗೆ ಎದುರಿನ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಆಸ್ಪತ್ರೆಯ ಬೋರ್ಡಿಗೆ ದೀಪ ಹತ್ತಿತು. ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಆಸ್ಪತ್ರೆ, ಕೆಳಗೆ ಇಂಗ್ಲಿಷಿನಲ್ಲಿ ಹಾಸ್ಪಿಟಲ್. ಹನ್ನೆರಡು ವರ್ಷ ದಿನಾ ನೋಡಿದ ಬೋರ್ಡು. ಆವತ್ತು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ಹಾಸ್ಪಿಟಲ್, ಆಸ್ಪತ್ರೆ. ಇಂಗ್ಲಿಷಿನಲ್ಲಿದ್ದ ‘ಹ’ ಕನ್ನಡಕ್ಕೆ ಬರುವಾಗ ಬಿದ್ದುಹೋಗಿದೆ. ಯಾರು ಬೀಳಿಸಿದರು? ನಮ್ಮಂಥವರೇ ಯಾರೋ, ಹೊಟ್ಟೆಗೆ ಒಟ್ಟೆ ಅನ್ನುವವರು. ಅವರು ಬಾಯಿಗೆ ಬಂದ ಹಾಗೆ ಆಡಿದ ಮಾತನ್ನೇ ದೀಪ ಹಾಕಿ ತಲೆಯ ಮೇಲೆ ಇಟ್ಟುಕೊಂಡಿದ್ದಾರೆ. ನಾನು ಆ ‘ಹ’ವನ್ನು ವಾಪಸ್ ಹಚ್ಚಿದ್ದಕ್ಕೆ ನಕ್ಕರು, ಉಳಿದ ಕಡೆ ಬೀಳಿಸಿದ್ದಕ್ಕೂ ನಕ್ಕರು. ಎರಡು ಬಸ್ಸು ಬಂದು ಹೋದವು.

ಮಾರನೇ ಬೆಳಿಗ್ಗೆ ನೇರವಾಗಿ ಕೋಣೆಗೆ ಹೋದೆ. “ಸಾರ್, ಆಸ್ಪತ್ರೆ ಅನ್ನೋ ಮಾತಲ್ಲೇ ‘ಹ’ ಬಿದ್ದೋಗಿದೆಯಲ್ಲ. ಅದು ಸರೀನಾ?”

“ಅದು ಬೇರೆ ಅಮ್ಮಾ. ಅದು ರೂಢಿ.”

“ನಮ್ದೂ ರೂಢೀನೇ ಸಾರ್. ನಮ್ ತಾತನ ಕಾಲದ್ದು. ಮತ್ತೆ ನೀವು ಹೆಚ್.ಆರ್. ಅಂತೀರ, ಅಲ್ಲಿ ‘ಹ’ ಎಲ್ಲಿಂದ ಬಂತು? ಇಂಗ್ಲಿಷ್‌ನೋರು ಎಚ್ ಅಂತಾರಂತೆ. ಇಲ್ದಿರೋ ಕಡೆ ನೀವು ಹಾಕ್ಕೊಂಡ್ರೆ ಸ್ಟೈಲು, ನಾನ್ ಹಾಕ್ಕೊಂಡ್ರೆ ತಮಾಷೇನಾ?”

ಅವರ ಮುಖದ ಮೃದುತನ ಹೋಯಿತು. “ನೋಡಿ, ಇದೇ ನಿಮ್ ಪ್ರಾಬ್ಲಮ್ಮು, ಆಟಿಟ್ಯೂಡ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮುಂದಿನ ಸಲ ನೋಡೋಣ, ಈಗ ಹೋಗಿ ಕೆಲ್ಸ ನೋಡಿ.”

ಕೆಲಸ ನೋಡಿದೆ. ಇನ್ನೇನು ಮಾಡಲಿ? ಹೊಸ ಸೂಪರ್‌ವೈಸರ್ ದಿನಕ್ಕೆ ಹತ್ತು ಸಲ ಕರೆಯುತ್ತಿದ್ದಳು: “ಅಕ್ಕಾ, ಈ ಅಜ್ಜಿ ಏನ್ ಹೇಳ್ತಿದಾರೆ ಸ್ವಲ್ಪ ಕೇಳಿ, ನಿಮ್ ಭಾಷೆ ಇದು.” ನಾನು ಕೇಳಿ ಹೇಳುತ್ತಿದ್ದೆ, ಅವಳು ಬರೆದುಕೊಳ್ಳುತ್ತಿದ್ದಳು.

ಎರಡು ವಾರವಾಗಿರಬಹುದು. ಮಧ್ಯಾಹ್ನ ಒಂದು ಗಂಟೆ, ಹಾಲಿನ ತುಂಬ ಜನ. ಮೈಕಿನಲ್ಲಿ ನಲವತ್ತೊಂದನೇ ನಂಬರ್ ಕೂಗಿದ ಹುಡುಗಿ ಅದನ್ನು ಆರಿಸಲು ಮರೆತು ಮೊಬೈಲ್ ಎತ್ತಿಕೊಂಡಳು. ಮೂರು ಮಹಡಿಗೂ ಕೇಳಿಸುವ ಹಾಗೆ, ಶುದ್ಧವಾದ ಹಕಾರದಲ್ಲಿ ಮಾತು ಬಂತು: “ಹಲೋ ಮಾವಾ, ಹಸಿವಾಗ್ತಿದೆ. ನಿಮ್ಮ ಕ್ಯಾಬಿನ್‌ಗೇ ಬರ್ಲಾ? ಹಾ, ಅತ್ತೆ ಹೋಳಿಗೆ ಕಳಿಸಿದಾರಲ್ಲ.”

ಗಾಜಿನ ಕೋಣೆಯೊಳಗೆ ಅಡ್ಮಿನ್ ಸಾರ್ ಕಿವಿಗೆ ಮೊಬೈಲ್ ಇಟ್ಟುಕೊಂಡು ಎದ್ದುನಿಂತಿದ್ದರು. ಅವರ ಸ್ವಂತ ಅಕ್ಕನ ಮಗಳಂತೆ. ನಮಗೆ ಆವತ್ತೇ ಗೊತ್ತಾದದ್ದು. ಇಷ್ಟು ತಿಂಗಳು ಅವಳು ಅವರನ್ನು ಸಾರ್ ಅಂತಲೇ ಕರೆದಿದ್ದಳು, ಅವರು ಅವಳನ್ನು ರೀ ಅಂತಲೇ ಮಾತಾಡಿಸಿದ್ದರು. ಅಂದರೆ ನಾನು ಮಹಡಿಯ ಮೇಲೆ ನಿಂತು ಕೈಗೆ ಊದಿಕೊಳ್ಳುತ್ತಿದ್ದ ತಿಂಗಳೆಲ್ಲ ಆ ಕುರ್ಚಿಯ ಮೇಲೆ ಟವೆಲ್ ಬಿದ್ದೇ ಇತ್ತು. ‘ಹ’ ಬಂದಿದ್ದರೆ ‘ಳ’ ಸರಿಯಿಲ್ಲ ಅನ್ನುತ್ತಿದ್ದರು. ಕೆಲಸದವರೆಲ್ಲ ಎರಡು ದಿನ ಮಾವ, ಹೋಳಿಗೆ ಅಂತ ಕಿಸಕ್ಕಂದರು, ಮೂರನೇ ದಿನ ಅದೇ ಜನ ಅವಳ ಹತ್ತಿರ ಹೋಗಿ, “ಮೇಡಂ, ಸಾರ್‌ಗೆ ಹೇಳಿ ನಂದೊಂದು ರಜಾ ಮಾಡಿಸ್ಕೊಡಿ,” ಅನ್ನತೊಡಗಿದರು. ನನಗೆ ಮಾವನಿಗಿಂತ ಇವರೇ ಹೆಚ್ಚು ಹೇಸಿಗೆಯಾಗಿ ಕಂಡರು.

ಇಷ್ಟೆಲ್ಲ ಆದರೂ ಅಮ್ಮನಿಗೆ ಹೇಳಿರಲಿಲ್ಲ. ಕೇಳಿದಾಗಲೆಲ್ಲ “ಇನ್ನೂ ಆರ್ಡರ್ ಬಂದಿಲ್ಲ,” ಅನ್ನುತ್ತಿದ್ದೆ. ಹರಕೆ ಹೊತ್ತವಳಿಗೆ ಯಾವ ಬಾಯಲ್ಲಿ ಹೇಳುವುದು?

ಒಂದು ಬೆಳಿಗ್ಗೆ ಎದ್ದಾಗ ಅಮ್ಮ ಬಚ್ಚಲ ಗೋಡೆ ಹಿಡಿದು ಬಗ್ಗಿ ನಿಂತಿದ್ದಳು. ಮುಖದಲ್ಲಿ ಬೆವರು. ಏನು ಅಂದರೆ ಏನಿಲ್ಲ ಅಂದಳು. ಹೊಟ್ಟೆ ಮುಟ್ಟಲು ಹೋದರೆ ಕೈ ತಳ್ಳಿದಳು. ಆಟೋದಲ್ಲಿ ಕೂರಿಸಿಕೊಂಡು ನಮ್ಮ ಆಸ್ಪತ್ರೆಗೇ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ “ನಿನ್ ಆಸ್ಪತ್ರೆ ಬ್ಯಾಡ, ಬ್ಯಾರೆ ಕಡೀಕ್ ಓಗಾನ,” ಅನ್ನುತ್ತಿದ್ದಳು. ಎಷ್ಟು ದಿನದಿಂದ ನೋವು ಅಂತ ಗದರಿ ಕೇಳಿದ ಮೇಲೆ ಬಾಯಿ ಬಿಟ್ಟಳು. ಒಂದು ತಿಂಗಳಿನಿಂದ.

“ಏಳೋಕೆ ಏನಾಗಿತ್ತಮ್ಮಾ ನಿಂಗೆ?”

“ನಿನ್ ಪ್ರಮೋಸನ್ ಆಗೋಗ್ಲಿ ಅಂತ ತಡ್ಕಂಡಿದ್ದೆ. ನಾನ್ ಬಂದು ಅಲ್ಲಿ ಬಾಯ್ಬುಟ್ರೆ ನಿಂಗೆ ಅವಮಾನ ಅಲ್ವಾ.”

ಆಟೋದವನಿಗೆ ಇನ್ನೂ ಜೋರಾಗಿ ಓಡಿಸು ಅಂದೆ.

ನನ್ನ ಇಂಟರ್‌ವ್ಯೂನಲ್ಲಿ ಕೂತಿದ್ದ ಅದೇ ಹಿರಿಯ ಡಾಕ್ಟರು ಸಿಕ್ಕರು. ಹೊಸ ಸೂಪರ್‌ವೈಸರೇ ಬಂದು ಬಾಗಿಲು ತೆರೆದು ನಮ್ಮನ್ನು ಒಳಗೆ ಬಿಟ್ಟು, ಫೈಲು ಹಿಡಿದುಕೊಂಡು ಪಕ್ಕದಲ್ಲೇ ನಿಂತಳು. ಅಮ್ಮ ಮಂಚದ ತುದಿಯಲ್ಲಿ ಕೂತಳು. ಡಾಕ್ಟರು, “ಏನಮ್ಮ ತೊಂದ್ರೆ?” ಅಂದರು.

ಅಮ್ಮ ನನ್ನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು. ಆಮೇಲೆ ನಿಧಾನವಾಗಿ ಬಲಗೈ ಎತ್ತಿ ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡಳು.

“ವಾಂತಿ ಬರ್ತಿದೆಯಾ?” ಅನ್ನುತ್ತ ಡಾಕ್ಟರು ಗಡಬಡಿಸಿ ಟ್ರೇ ಮುಂದಕ್ಕೆ ತಳ್ಳಿದರು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಅದು ವಾಂತಿಯಲ್ಲ ಅಂತ ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

“ಹ್... ಹೊಟ್ಟೆ,” ಅಂದಳು ಅಮ್ಮ. ಉಸಿರು ಕೈಗೆ ತಾಗಿತು ಅಂತ ಕಾಣುತ್ತದೆ, ಧೈರ್ಯ ಬಂತು. “ಹೊಟ್ಟೆ ನೋವು.” ನೋವಿನಲ್ಲಿ ಅರ್ಧ ಬಗ್ಗಿದ್ದವಳು ನನ್ನ ಕಡೆ ತಿರುಗಿ, ಯಾರಿಗೂ ಕೇಳಿಸಬಾರದು ಅಂದುಕೊಂಡು ಕೇಳಿದಳು: “ಸರ್ಯಾಗ್ ಏಳಿದ್ನಾ? ನಿನ್ ಪ್ರಮೋಸನ್‌ಗೇನೂ ಆಗಲ್ಲ ತಾನೆ?”

ನಾನು ಹೋಗಿ ಆ ಕೈಯನ್ನು ಬಾಯಿಯ ಮುಂದಿನಿಂದ ತೆಗೆದು ನನ್ನ ಕೈಯಲ್ಲಿ ಹಿಡಿದುಕೊಂಡೆ. ಡಾಕ್ಟರ ಕಡೆ ತಿರುಗಿ, ಬಾಗಿಲ ಆಚೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ.

“ಒಟ್ಟೆ ನೋವು ಸಾರ್. ನಮ್ಮಮ್ಮಂಗೆ ಒಂದು ತಿಂಗ್ಳಿಂದ ಒಟ್ಟೆ ನೋವು.”

ಡಾಕ್ಟರು ನಗಲಿಲ್ಲ. ತಲೆ ಬಗ್ಗಿಸಿ ಬರೆದುಕೊಂಡರು. ಅವರಿಗೆ ಅರ್ಥವಾಗಿತ್ತು.